ಸಿದೆಯಲ್ಲಿ ಬೀಚ್ ಬಿಟ್ಟು ಇನ್ನೇನಿದೆ ಅಂತ ಕೇಳಿದ ಪುಟ್ಟೂಗೆ

ಪುಟ್ಟೂ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ವಾಯ್ಸ್ ಕಳಿಸೋಣ ಅಂತ ಎರಡು ಸಲ ಶುರು ಮಾಡಿದೆ. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದಾರೆ, ನನ್ನ ದನಿ ನನಗೇ ಕೇಳಿಸುವುದಿಲ್ಲ. ಅದಕ್ಕೇ ಮಾತಾಡಿದ ಹಾಗೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಯಾರೂ ಬೈಕೋಬೇಡಿ.

ನೀನು ಕೇಳಿದ್ದು ಇಷ್ಟು. ಟರ್ಕಿಯಲ್ಲಿ ಅಂತಾಲ್ಯ ಕಡೆ ಸಿದೆ ಅನ್ನುವ ಊರಲ್ಲಿ ಮೂರು ದಿನಕ್ಕೆ ರೂಮು ಬುಕ್ ಆಗಿದೆ, ಸಮುದ್ರ ಬಿಟ್ಟರೆ ಅಲ್ಲಿ ಏನಿದೆ, ಮೂರು ದಿನ ಜಾಸ್ತಿ ಆಯಿತಾ ಅಂತ. ಅದರ ಕೆಳಗೆ ನಿಮ್ಮಪ್ಪ ‘ಬೀಚ್ ನೋಡೋಕೆ ಅಷ್ಟು ದೂರ ಯಾಕೆ, ಮಲ್ಪೆ ಇಲ್ವಾ’ ಅಂತ ಹಾಕಿದ್ದಾನೆ. ಅಣ್ಣನಿಗೆ ಆಮೇಲೆ ಉತ್ತರ ಕೊಡುತ್ತೇನೆ.

ಮೊದಲು ಹೆಸರು. ಇಂಗ್ಲಿಷ್ ಅಕ್ಷರ ನೋಡಿ ಸೈಡ್ ಅನ್ನಬೇಡ. ಎರಡು ವರ್ಷದ ಹಿಂದೆ ನಾವು ಹೋದಾಗ ನಿಮ್ಮ ಮಾವ ಟ್ಯಾಕ್ಸಿಯಲ್ಲಿ ಕೂತು ‘ಸೈಡ್, ಸೈಡ್’ ಅಂದರು. ಅವನು ಪಾಪ ಗಾಡಿಯನ್ನು ರಸ್ತೆ ಬದಿಗೆ ಹಾಕಿ ನಿಲ್ಲಿಸಿಬಿಟ್ಟ. ಸಿದೆ ಅಂದರೆ ಅಲ್ಲಿನ ಹಳೇ ಭಾಷೆಯಲ್ಲಿ ದಾಳಿಂಬೆ. ಎರಡೂವರೆ ಸಾವಿರ ವರ್ಷದ ಹಿಂದಿನ ಬೆಳ್ಳಿ ನಾಣ್ಯದ ಮೇಲೂ ದಾಳಿಂಬೆ ಹಣ್ಣೇ ಇದೆ. ಈಗಲೂ ಓಣಿ ಓಣಿಯಲ್ಲಿ ದಾಳಿಂಬೆ ಜ್ಯೂಸಿನವರು. ಹಣ್ಣನ್ನು ಅಡ್ಡಕ್ಕೆ ಎರಡು ಹೋಳು ಮಾಡಿ, ಕಬ್ಬಿಣದ ಒತ್ತುವ ಯಂತ್ರದಲ್ಲಿ ಇಟ್ಟು, ಹಿಡಿ ಕೆಳಗೆ ಎಳೆದರೆ ಕರಕ್ ಅಂತ ಸದ್ದು, ಲೋಟದೊಳಗೆ ಕೆಂಪು ರಸ. ಸಿಪ್ಪೆಯ ಒಗರೂ ಸ್ವಲ್ಪ ಇಳಿದಿರುತ್ತದೆ, ಸಕ್ಕರೆ ಹಾಕುವುದಿಲ್ಲ. ನನಗೆ ಅದೇ ಇಷ್ಟ ಆಯಿತು.

ಹಳೇ ಭಾಷೆ ಅಂದೆನಲ್ಲ, ಅದರ ಕತೆ ಕೇಳು. ನಾನು ಆ ಊರಿಗೆ ಮರುಳಾದದ್ದೇ ಅದಕ್ಕೆ. ಕ್ರಿ.ಪೂ. 7ನೇ ಶತಮಾನದ ಸುಮಾರಿಗೆ ಕ್ಯುಮೆ ಅನ್ನುವ ಗ್ರೀಕ್ ಪಟ್ಟಣದ ಜನ ಹಡಗು ಹತ್ತಿ ಇಲ್ಲಿಗೆ ಬಂದರಂತೆ. ಅಲೆಕ್ಸಾಂಡರನ ದಂಡಯಾತ್ರೆಯ ಬಗ್ಗೆ ಬರೆದ ಆರಿಯನ್ ಹೇಳುವ ಪ್ರಕಾರ, ದಡಕ್ಕೆ ಕಾಲಿಟ್ಟದ್ದೇ ತಡ, ಅವರಿಗೆ ತಮ್ಮ ಗ್ರೀಕ್ ಭಾಷೆ ಮರೆತೇ ಹೋಯಿತಂತೆ! ಅಕ್ಕಪಕ್ಕದವರ ಭಾಷೆಯೂ ಅಲ್ಲ, ಅಲ್ಲಿಯವರೆಗೆ ಯಾರೂ ಕೇಳದ ಹೊಸದೊಂದು ಭಾಷೆ ಆಡತೊಡಗಿದರಂತೆ. ಇದನ್ನು ಓದಿದಾಗ ನನಗೆ ನಕ್ಕು ಸಾಕಾಯಿತು. ನಮ್ಮ ನ್ಯೂಜೆರ್ಸಿಯ ಪಾರ್ಟಿಗಳಿಗೆ ಕನ್ನಡ ಮರೆಯಲು ಒಂದು ತಲೆಮಾರಾದರೂ ಬೇಕಾಯಿತು, ಅಲ್ವಾ?

ನಿಜ ಏನೆಂದರೆ, ಅದು ಹೊಸ ಭಾಷೆಯೇನಲ್ಲ. ಆ ಸೀಮೆಯಲ್ಲಿ ಮೊದಲೇ ಇದ್ದ ಲೂವಿಯನ್, ಲಿಸಿಯನ್ ಭಾಷೆಗಳ ಬಳಗದ್ದು. ಬಂದವರು ಊರವರ ಜೊತೆ ಬೆರೆತು ಅವರ ಮಾತನ್ನೇ ಕಲಿತಿರಬೇಕು ಅಂತ ನನ್ನ ಲೆಕ್ಕ. ಅದಕ್ಕೆ ಅದರದ್ದೇ ಲಿಪಿ ಇತ್ತು, ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಸಿಕ್ಕಿರುವ ಶಾಸನಗಳು ಬೆರಳೆಣಿಕೆಯಷ್ಟು. ಕೆಲವದರಲ್ಲಿ ಪಕ್ಕದಲ್ಲೇ ಗ್ರೀಕ್ ಇರುವುದರಿಂದ ಅಷ್ಟಿಷ್ಟು ಓದಿದ್ದಾರೆ.

ಕ್ರಿ.ಪೂ. 333ರಲ್ಲಿ ಅಲೆಕ್ಸಾಂಡರ್ ಬಂದ ಮೇಲೆ ಗ್ರೀಕ್ ಮತ್ತೆ ತಲೆ ಎತ್ತಿತು. ಕ್ರಿ.ಪೂ. 190ರಲ್ಲಿ ಇದೇ ಊರಿನ ಮುಂದೆ ಸಮುದ್ರದಲ್ಲಿ ಒಂದು ಯುದ್ಧ ಆಯಿತು. ಆನೆಗಳನ್ನು ಹೊಡೆದುಕೊಂಡು ಆಲ್ಪ್ಸ್ ದಾಟಿದ ಹ್ಯಾನಿಬಲ್ ಗೊತ್ತಲ್ಲ, ಅವನು ರೋಡ್ಸ್ ದ್ವೀಪದವರ ಹಡಗುಗಳ ಎದುರು ಸೋತದ್ದು ಇಲ್ಲೇ. ಆಮೇಲೆ ಪಕ್ಕದ ಕರಾವಳಿ ಸೀಮೆ ಸಿಲಿಸಿಯಾದ ಕಡಲ್ಗಳ್ಳರ ಕಾಲ. ಹಿಡಿದು ತಂದ ಜನರನ್ನು ಸಿದೆಯಲ್ಲಿ ಹರಾಜು ಹಾಕುತ್ತಿದ್ದರು. ಅವರು ಗುಲಾಮರಲ್ಲ, ಸ್ವತಂತ್ರ ಮನುಷ್ಯರು ಅಂತ ಬಾಯಿಬಿಟ್ಟು ಒಪ್ಪಿಕೊಂಡೇ ಮಾರುತ್ತಿದ್ದರು ಅಂತ ಹಳೇ ಗ್ರೀಕ್ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಕ್ರಿ.ಪೂ. 67ರಲ್ಲಿ ರೋಮನ್ ಸೇನಾಪತಿ ಪಾಂಪೆ ಬಂದು ಆ ಕಳ್ಳರನ್ನು ಬಗ್ಗುಬಡಿದ. ಇದು ತಲೆಯಲ್ಲಿದ್ದರೆ ಆ ಚಂದದ ಬಂದರಿನ ಹತ್ತಿರ ಐಸ್‌ಕ್ರೀಮ್ ತಿನ್ನುವಾಗ ಒಂಥರಾ ಆಗುತ್ತದೆ.

ಸರಿ, ಈಗ ನೋಡುವ ಜಾಗಗಳು. ಊರು ಅಂದರೆ ಸಮುದ್ರಕ್ಕೆ ಚಾಚಿದ ನಾಲಿಗೆಯ ಹಾಗೆ ಒಂದು ಚಿಕ್ಕ ನೆಲ. ಎರಡೂ ಕಡೆ ಮರಳಿನ ಬೀಚು, ನಡುವೆ ರೋಮನ್ನರ ಕಾಲದ ಕಲ್ಲುಗಳು. ಅದೂ ಬೇಲಿ ಹಾಕಿ ದೂರ ಇಟ್ಟದ್ದಲ್ಲ. ಅಂಗಡಿ, ಹೋಟೆಲು, ಬೆಕ್ಕುಗಳು, ಕಂಬಗಳು ಎಲ್ಲ ಒಟ್ಟೊಟ್ಟಿಗೆ. ಕೆಲವು ಕಡೆ ಗಾಜಿನ ನೆಲ ಹಾಕಿದ್ದಾರೆ, ಕಾಲ ಕೆಳಗೆ ಹಳೇ ಗೋಡೆ ಕಾಣುತ್ತದೆ. ನಾನು ಗಾಜಿನ ಮೇಲೆ ಕಾಲಿಡಲು ಹೆದರಿ ಸುತ್ತು ಹಾಕಿಕೊಂಡು ಹೋದೆ.

ರಂಗಮಂದಿರ ತಪ್ಪಿಸಬೇಡ. ಕ್ರಿ.ಶ. 2ನೇ ಶತಮಾನದ್ದು, ಹದಿನೈದು ಸಾವಿರಕ್ಕೂ ಜಾಸ್ತಿ ಜನ ಕೂರಬಹುದಿತ್ತು. ಸಾಮಾನ್ಯವಾಗಿ ಆ ಕಡೆಯ ರಂಗಮಂದಿರಗಳನ್ನು ಗುಡ್ಡದ ಇಳಿಜಾರಿಗೆ ಒರಗಿಸಿ ಕಟ್ಟುತ್ತಾರೆ. ಇಲ್ಲಿ ಗುಡ್ಡವೇ ಇಲ್ಲ, ನೆಲ ಅಂಗೈಯ ಹಾಗೆ ಸಪಾಟು. ಅದಕ್ಕೆ ಕೆಳಗಿನಿಂದ ಕಮಾನಿನ ಮೇಲೆ ಕಮಾನು ಎಬ್ಬಿಸಿ, ಅದರ ಮೇಲೆ ಮೆಟ್ಟಿಲು ಕೂರಿಸಿದ್ದಾರೆ. ಎದುರಿಗಿರುವ ಮ್ಯೂಸಿಯಂ ಹಿಂದೆ ಸ್ನಾನದ ಮನೆಯಾಗಿತ್ತು. ಊರವರು ಬಿಸಿನೀರು ಹುಯ್ದುಕೊಳ್ಳುತ್ತಿದ್ದ ಕೋಣೆಗಳಲ್ಲಿ ಈಗ ದೇವತೆಗಳ ವಿಗ್ರಹ ನಿಂತಿವೆ. ಅಂಗಡಿಬೀದಿಯ ಮೂಲೆಯಲ್ಲಿ ಅರ್ಧಚಂದ್ರಾಕಾರದ ಕಲ್ಲಿನ ಸಾರ್ವಜನಿಕ ಶೌಚಾಲಯ ಇದೆ. ಇಪ್ಪತ್ತಕ್ಕೂ ಜಾಸ್ತಿ ಜನ ಸಾಲಾಗಿ ಕೂತು ಹರಟೆ ಹೊಡೆಯಬಹುದು. ನಿಮ್ಮ ಮಾವ ಅದರ ಫೋಟೋವನ್ನೇ ಎಲ್ಲಕ್ಕಿಂತ ಜಾಸ್ತಿ ತೆಗೆದಿದ್ದಾರೆ.

ಅಪೊಲೋ ದೇವಸ್ಥಾನಕ್ಕೆ ಮಾತ್ರ ಸಂಜೆ ಹೋಗು. ಬಿದ್ದ ಕಂಬಗಳಲ್ಲಿ ಐದನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ, ಸಮುದ್ರಕ್ಕೆ ಅಂಟಿಕೊಂಡೇ ಇವೆ. ಕಂಬದ ಮೇಲಿನ ಪಟ್ಟಿಯಲ್ಲಿ ಮೆಡೂಸಾಳ, ಅಂದರೆ ಗ್ರೀಕ್ ಪುರಾಣದ ಹಾವುಗೂದಲಿನ ರಾಕ್ಷಸಿಯ, ತಲೆಗಳು, ಬಾಯಿ ತೆರೆದುಕೊಂಡು. ನಾವು ಮೊದಲ ದಿನ ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ಬೆಂದು ಬಂದೆವು, ನುಣುಪು ಕಲ್ಲಿನ ಮೇಲೆ ನನ್ನ ಚಪ್ಪಲಿ ಜಾರಿ ಮೊಣಕಾಲು ತರಚಿತು. ಬೂಟು ಹಾಕಿಕೊಂಡು ಹೋಗು.

ಮನವ್ಗಾತ್ ಜಲಪಾತ ಅಂತ ಪ್ಯಾಕೇಜಿನಲ್ಲಿ ಮಾರುತ್ತಾರೆ. ಜೋಗ ಅಂದುಕೊಂಡು ಹೋದರೆ ನಿರಾಸೆ, ಎರಡಾಳು ಎತ್ತರ, ಆದರೆ ಅಗಲ ಇದೆ, ತಂಪಾಗಿದೆ. ಅದಕ್ಕಿಂತ ಅರ್ಧ ದಿನ ಅಸ್ಪೆಂದೋಸ್ ಅನ್ನುವ ಹತ್ತಿರದ ಇನ್ನೊಂದು ಹಳೇ ಊರಿಗೆ ಇಡು. ಅಲ್ಲಿನ ರಂಗಮಂದಿರದಲ್ಲಿ ವೇದಿಕೆಯ ಹಿಂದಿನ ಗೋಡೆ ಕೂಡ ಹೆಚ್ಚುಕಡಿಮೆ ಪೂರ್ತಿ ನಿಂತಿದೆ.

ಇನ್ನೊಂದು ಹೇಳಿ ಮುಗಿಸುತ್ತೇನೆ. ದಾಳಿ, ಭೂಕಂಪ ಅಂತ ಸಿದೆ ಖಾಲಿಯಾಗಿ ಜನ ಅಂತಾಲ್ಯಕ್ಕೆ ಹೋದರು. 12ನೇ ಶತಮಾನದ ಅರಬ್ ಭೂಗೋಳಕಾರ ಅಲ್ ಇದ್ರಿಸಿ ಇದನ್ನು ‘ಸುಟ್ಟ ಅಂತಾಲ್ಯ’ ಅಂದಿದ್ದಾನೆ. ಆಮೇಲೆ ನೂರಾರು ವರ್ಷ ಬರೀ ಮರಳು, ಪೊದೆ. 19ನೇ ಶತಮಾನ ಮುಗಿಯುವ ಹೊತ್ತಿಗೆ ಕ್ರೀಟ್ ದ್ವೀಪದಿಂದ ಓಡಿಬಂದ ಮುಸ್ಲಿಂ ಕುಟುಂಬಗಳು ಆ ಕಲ್ಲುಗಳ ನಡುವೆಯೇ ಮನೆ ಕಟ್ಟಿಕೊಂಡರು. ಧರ್ಮ ಇಸ್ಲಾಂ, ಆದರೆ ಕ್ರೀಟ್‌ನ ಮುಸ್ಲಿಮರ ಮನೆಮಾತು ಗ್ರೀಕ್! ಅಂದರೆ ಗ್ರೀಕ್ ಆಡುವವರು ಹಡಗಿನಲ್ಲಿ ಎರಡನೇ ಸಲ ಸಿದೆಗೆ ಬಂದ ಹಾಗಾಯಿತು. ಅವರ ಮೊಮ್ಮಕ್ಕಳು ಈಗ ಟರ್ಕಿಷ್ ಮಾತಾಡುತ್ತಾರೆ.

ಮೂರು ದಿನ ಜಾಸ್ತಿ ಏನಲ್ಲ, ಪುಟ್ಟೂ. ಅಣ್ಣಾ, ಮಲ್ಪೆಗೂ ಹೋಗೋಣ, ಮೀನಿನ ಖರ್ಚು ನಿನ್ನದು.