ಪದ ಬೇಕು: ಲ್ಯಾಪರೋಸ್ಕೋಪಿಕ್ ನೆಫ್ರೆಕ್ಟಮಿ (ಫಲಕಕ್ಕೆ, ಗುರುವಾರದೊಳಗೆ)

ಗೆಳೆಯರೇ,

ಹೊಟ್ಟೆಯಲ್ಲಿ ಸಣ್ಣ ಕಿಂಡಿ ಮಾಡಿ, ಕ್ಯಾಮೆರಾ ತೂರಿಸಿ ಕಿಡ್ನಿ ತೆಗೆಯುವ ಶಸ್ತ್ರಚಿಕಿತ್ಸೆಗೆ ಕನ್ನಡ ಪದ ಬೇಕು. ಇಲ್ಲಿನ ಒಂದು ಆಸ್ಪತ್ರೆಯ ಯೂರಾಲಜಿ (ಮೂತ್ರಾಂಗಗಳ ಚಿಕಿತ್ಸೆ) ವಿಭಾಗಕ್ಕೆ ಫಲಕ ಆಗಬೇಕು. ಜೊತೆಗೆ ಕಿಡ್ನಿ ದಾನಿಗಳಿಗೆ ಕೊಡುವ ಎರಡು ಪುಟದ ತಿಳಿವಳಿಕೆ ಹಾಳೆ. ಫಲಕದ ಶೇ 60ರಷ್ಟು ಕನ್ನಡ ಇರಬೇಕಾದ್ದರಿಂದ ಪದ ಚಿಕ್ಕದಾದಷ್ಟೂ ಅಕ್ಷರ ದಪ್ಪ ಬರುತ್ತದೆ. ಕೈಗೆ ಬಂದ ಕರಡು ಹೀಗಿದೆ: ‘ಕನಿಷ್ಠ ಆಕ್ರಮಣಕಾರಿ ಮೂತ್ರಪಿಂಡ ತೆಗೆದುಹಾಕುವಿಕೆ’. ‘ಆಕ್ರಮಣ’ವನ್ನಂತೂ ಉಳಿಸಲಾರೆ. ‘ಉದರದರ್ಶಕ ಮೂತ್ರಪಿಂಡ ಛೇದನ’ ನಡೆಯುತ್ತದೆಯೇ?

— ಅನುವಾದಕಿ, ಜಯನಗರ

*

ನಡೆಯುವುದಿಲ್ಲ. ಎರಡು ತಪ್ಪಿವೆ.

‘ಛೇದನ’ ಬರೀ ಕೊಯ್ಯುವುದು, ಅಂದರೆ ನೆಫ್ರಾಟಮಿ. ‘ಎಕ್ಟಮಿ’ಯ ‘ಎಕ್’ಗೆ ‘ಹೊರಕ್ಕೆ’ ಎಂಬ ಅರ್ಥವಿದೆ, ಅದು ನಿಮ್ಮ ಪದದಲ್ಲಿ ಬಿದ್ದುಹೋಗಿದೆ. ಇನ್ನು ‘ಉದರ’. ಗ್ರೀಕಿನ ‘ಲಪಾರಾ’ ಹೊಟ್ಟೆಯಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವಿನ ಮೆತ್ತನೆಯ ಭಾಗ. ಅದಕ್ಕೆ ನಮ್ಮಲ್ಲಿ ‘ಅಳ್ಳೆ’ ಇದೆ. ದನಕ್ಕೆ ಹೊಟ್ಟೆ ಉಬ್ಬರಿಸಿದರೆ ರೈತ ಮುಟ್ಟಿ ನೋಡುವುದು ಎಡ ಅಳ್ಳೆಯನ್ನೇ. ಕಿಂಡಿ ಸೇರಿಸಿ: ‘ಅಳ್ಳೆಗಿಂಡಿ’. ನಾಲ್ಕೇ ಅಕ್ಷರ, ಪೂರ್ತಿ ಕನ್ನಡ, ಮೂಲಕ್ಕೂ ನಿಷ್ಠ. ಇದಕ್ಕಿಂತ ಇನ್ನೇನು ಬೇಕು?

— ಬಸವನಗುಡಿ

*

ಸಾರ್, ಮೂಲಕ್ಕೆ ನಿಷ್ಠವಾಗಿದೆ, ರೋಗಿಗೆ ಸುಳ್ಳಾಗಿದೆ. ಅಳ್ಳೆಯಲ್ಲಿ ಕೊಯ್ಯುವುದು ಹಳೆಯ ತೆರೆದ ವಿಧಾನ: 15ರಿಂದ 20 ಸೆಂ.ಮೀ. ಉದ್ದಕ್ಕೆ ಸ್ನಾಯುಗಳನ್ನು ಕೊಯ್ದು, ಕೆಲವೊಮ್ಮೆ 12ನೇ ಪಕ್ಕೆಲುಬಿನ ತುದಿಯನ್ನೂ ತೆಗೆದು ಒಳಹೋಗುವುದು. ಆಮೇಲೆ ಆ ಜಾಗ ತಿಂಗಳುಗಟ್ಟಲೆ ನೋಯುತ್ತದೆ, ಉಬ್ಬಿಕೊಳ್ಳುವುದೂ ಉಂಟು. ಅದನ್ನು ತಪ್ಪಿಸಲೆಂದೇ ಹುಟ್ಟಿದ ವಿಧಾನಕ್ಕೆ ಅಳ್ಳೆಯ ಹೆಸರಿಟ್ಟರೆ ದಾನಿಗೆ ಏನು ಅರ್ಥವಾಗಬೇಕು?

ಈಗ ಹೆಚ್ಚಾಗಿ ಮಾಡುವುದು ಹೊಟ್ಟೆಯ ಮುಂಭಾಗದಿಂದ. ರೋಗಿಯನ್ನು ಓರೆಯಾಗಿ ಮಲಗಿಸಿ 5ರಿಂದ 12 ಮಿ.ಮೀ.ನ ಮೂರು ನಾಲ್ಕು ಪೋರ್ಟ್ (ಉಪಕರಣ ತೂರಿಸುವ ನಳಿಕೆ) ಹಾಕುತ್ತಾರೆ. ದೊಡ್ಡ ಕರುಳನ್ನು ಅದರ ಅಂಚಿನ ಪದರದಿಂದ ಬಿಡಿಸಿ ಒಳಬದಿಗೆ ಸರಿಸುತ್ತಾರೆ. ಮೂತ್ರನಾಳ ಸಿಕ್ಕರೆ ಅದರ ಜಾಡು ಹಿಡಿದೇ ಮೇಲಕ್ಕೆ ಹೋಗಿ ಕಿಡ್ನಿಯ ರಕ್ತನಾಳಗಳನ್ನು ತಲುಪುತ್ತಾರೆ. ‘ಅಳ್ಳೆ’ ನಿಜಕ್ಕೂ ಒಪ್ಪುವುದು ಬೆನ್ನಬದಿಯಿಂದ ಹೋಗುವ ರೆಟ್ರೋಪೆರಿಟೋನಿಯೋಸ್ಕೋಪಿಗೆ. ಮುಂಬೈನ ಡಾ. ಗೌರ್ 1992ರಲ್ಲಿ ಪ್ರಕಟಿಸಿದ ಬಲೂನ್ ಉಪಾಯದಿಂದ ಆ ದಾರಿ ತೆರೆಯಿತು. ಸರ್ಜರಿ ಗ್ಲೌಸಿನ ಬೆರಳನ್ನು ರಬ್ಬರ್ ನಳಿಕೆಗೆ ಕಟ್ಟಿ, ಒಳಗೆ ಉಬ್ಬಿಸಿ, ಕೊಬ್ಬನ್ನು ಸರಿಸಿ ಜಾಗ ಮಾಡುವುದು. ಆ ಪದವನ್ನು ಅದಕ್ಕೆಂದು ಎತ್ತಿಡಿ.

— ಯೂರಾಲಜಿ, ಮಲ್ಲೇಶ್ವರ

*

ಜನ ‘ತೂತಿನ ಆಪರೇಷನ್’ ಎನ್ನುತ್ತಾರೆ. ‘ರಂಧ್ರ ಶಸ್ತ್ರಚಿಕಿತ್ಸೆ’ ಎಂದು ಬರೆದು ಮುಗಿಸಬಾರದೇ?

— ವಿಜಯನಗರ

*

ಬಾರದು. ಕಿಡ್ನಿ 10ರಿಂದ 12 ಸೆಂ.ಮೀ. ಉದ್ದ, 12 ಮಿ.ಮೀ. ತೂತಿನಿಂದ ಅದು ಹೊರಬರುವುದು ಹೇಗೆ? 1990ರಲ್ಲಿ ರಾಲ್ಫ್ ಕ್ಲೇಮನ್ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಮೊದಲ ಬಾರಿ ಹೀಗೆ ತೆಗೆದಾಗ ಚೀಲದೊಳಗೇ ಪುಡಿಮಾಡಿ ಹೊರತಂದರು. ದಾನದ ಕಿಡ್ನಿಯನ್ನು ಪುಡಿಮಾಡುವ ಮಾತೇ ಇಲ್ಲ. 1995ರಲ್ಲಿ ರಾಟ್ನರ್ ಮತ್ತು ಕವೂಸಿ ಬಾಲ್ಟಿಮೋರ್‌ನಲ್ಲಿ ದಾನಿಯ ಕಿಡ್ನಿಯನ್ನು ಈ ವಿಧಾನದಲ್ಲಿ ಇಡಿಯಾಗಿ ತೆಗೆದರು. ಇವತ್ತಿಗೂ ಕಿಬ್ಬೊಟ್ಟೆಯಲ್ಲಿ ಸುಮಾರು 6ರಿಂದ 8 ಸೆಂ.ಮೀ. ಕೊಯ್ದೇ ಹೊರತೆಗೆಯುತ್ತಾರೆ. ಹಾಳೆಯಲ್ಲಿ ಬರೀ ‘ತೂತು’ ಎಂದು ಓದಿದ ದಾನಿ ಎಚ್ಚರವಾದ ಮೇಲೆ ಆ ಹೊಲಿಗೆ ಕಂಡರೆ ಯಾರನ್ನು ನಂಬಬೇಕು? ಕಿಂಡಿ ಎಷ್ಟು, ಕೊಯ್ತ ಎಷ್ಟು, ಎರಡನ್ನೂ ಅಳತೆ ಸಮೇತ ಬರೆಯಿರಿ.

ಹಾಳೆಯ ಕರಡಿನಲ್ಲಿ ಇನ್ನೂ ಮೂರು ಕಡೆ ತಿದ್ದಬೇಕು.

‘ಹೊಟ್ಟೆಗೆ ಗಾಳಿ ತುಂಬುತ್ತಾರೆ’ ಅಲ್ಲ, ಇಂಗಾಲದ ಡೈಆಕ್ಸೈಡ್, 12ರಿಂದ 15 ಮಿ.ಮೀ. ಪಾದರಸದ ಒತ್ತಡದಲ್ಲಿ. ಅದು ರಕ್ತದಲ್ಲಿ ಬೇಗ ಕರಗಿ ಉಸಿರಲ್ಲಿ ಹೋಗುತ್ತದೆ. ಗಾಳಿ ರಕ್ತನಾಳ ಹೊಕ್ಕರೆ ಪ್ರಾಣಕ್ಕೇ ಅಪಾಯ. ಆಮೇಲೆ ಒಂದೆರಡು ದಿನ ಭುಜ ನೋಯಬಹುದು ಎಂದೂ ಸೇರಿಸಿ. ವಪೆ (ಎದೆ-ಹೊಟ್ಟೆಗಳ ನಡುವಿನ ಸ್ನಾಯುಪದರ) ಕೆರಳಿದ್ದರ ನೋವು ಅಲ್ಲಿ ಕಾಣಿಸಿಕೊಳ್ಳುತ್ತದೆ. ಹೇಳದಿದ್ದರೆ ಹೃದಯದ್ದೆಂದು ಹೆದರುತ್ತಾರೆ.

‘ಅಭಿಧಮನಿಯ ನಂತರ ಅಪಧಮನಿ’ ಎಂದಿದೆ. ತಿರುವುಮುರುವು. ರಕ್ತ ತರುವ ನಾಳವನ್ನು, ಅಂದರೆ ಅಪಧಮನಿಯನ್ನು, ಮೊದಲು ಮುಚ್ಚಬೇಕು. ಹೊರಹೋಗುವ ದಾರಿಯನ್ನು ಮೊದಲು ಮುಚ್ಚಿದರೆ ಕಿಡ್ನಿ ರಕ್ತ ತುಂಬಿ ಬಿಗಿಯುತ್ತದೆ, ಸೋರುತ್ತದೆ. ಕಿವಿಗೆ ಇಷ್ಟು ಹತ್ತಿರದ ಈ ಜೋಡಿ ಪದಗಳನ್ನು ಸೃಷ್ಟಿಸಿದವರು ಪ್ರೂಫ್ ನೋಡುವವರನ್ನು ನೆನೆಯಲಿಲ್ಲ. ‘ರಕ್ತ ತರುವ ನಾಳ’, ‘ರಕ್ತ ಒಯ್ಯುವ ನಾಳ’ ಎಂದೇ ಬರೆಯಿರಿ.

‘ಕ್ಲಿಪ್ ಹಾಕುತ್ತಾರೆ’ ಎಂಬ ಸಾಲನ್ನು ವೈದ್ಯರಿಗೆ ತೋರಿಸಿ. ದಾನಿಯ ಅಪಧಮನಿಗೆ ಬೀಗದಂಥ ಪ್ಲಾಸ್ಟಿಕ್ ಕ್ಲಿಪ್ ಬಳಸಬಾರದೆಂದು ತಯಾರಕರೇ 2006ರಲ್ಲಿ ಎಚ್ಚರಿಸಿದ್ದಾರೆ. ಕಸಿಗೆ ಉದ್ದ ನಾಳ ಬೇಕೆಂದು ದಾನಿಯ ಬದಿಯಲ್ಲಿ ಉಳಿಸುವುದು ಚಿಕ್ಕ ಮೋಟು. ಅದರಿಂದ ಕ್ಲಿಪ್ ಜಾರಿದರೆ ನಿಮಿಷಗಳಲ್ಲಿ ಸಾವು. ಅಲ್ಲಿ ಬರುವುದು ಸ್ಟೇಪ್ಲರ್.

— ಯೂರಾಲಜಿ, ಮಲ್ಲೇಶ್ವರ

*

ವ್ಯಾಕರಣದ ಒಂದು ಮಾತು. ದಾನಿಗೆ ‘ತೆಗೆದುಹಾಕು’ ಸಲ್ಲದು. ‘ಹಾಕು’ ಸೇರಿದರೆ ಬೇಡದ್ದನ್ನು ಕಳೆದಂತೆ: ಕಸ ತೆಗೆದುಹಾಕಿದರು, ಗೆಡ್ಡೆ ತೆಗೆದುಹಾಕಿದರು. ಕ್ಯಾನ್ಸರ್ ಕಿಡ್ನಿಗೆ ಅದು ಸರಿ. ಇನ್ನೊಬ್ಬರ ಜೀವ ಉಳಿಸಲು ಕೊಟ್ಟ ಕಿಡ್ನಿಯನ್ನು ‘ಹೊರತೆಗೆ’ಯುತ್ತಾರೆ.

— ರಾಜಾಜಿನಗರ

*

ಸರಿ. ಆದರೆ ಎಲ್ಲರೂ ‘ಕಿಡ್ನಿ’ ಎಂದೇ ಬರೆಯುತ್ತಿದ್ದೀರಲ್ಲ, ಯಾಕೆ? ಪದಚರ್ಚೆಯ ಜಾಗದಲ್ಲೇ ಇಂಗ್ಲಿಷಿಗೆ ಮಣೆ ಹಾಕಿದರೆ ಫಲಕದಲ್ಲಿ ಶೇ 60 ಕೇಳಿ ಏನು ಫಲ? ಲಿಪಿ ಕನ್ನಡವಾದರೆ ಸಾಲದು.

— ಬಸವನಗುಡಿ

*

‘ಮೂತ್ರಪಿಂಡ’ ಯಾವ ಊರಿನ ಕನ್ನಡ ಸಾರ್? ‘ಮೂತ್ರ’ವೂ ಸಂಸ್ಕೃತದ ಕಡ, ‘ಪಿಂಡ’ವೂ ಕಡ. ಆಯುರ್ವೇದದಲ್ಲಿ ‘ವೃಕ್ಕ’ ಇದೆ, ಮಲಯಾಳಿಗಳು ಇಂದಿಗೂ ಅದನ್ನೇ ಬಳಸುತ್ತಾರೆ, ನಾವು ಬಿಟ್ಟೆವು. ಪಠ್ಯದಲ್ಲಿ ಕಿಡ್ನಿಗೆ ‘ಮೂತ್ರಜನಕಾಂಗ’ ಎಂದು ಓದಿದವರು ‘ಮೂತ್ರಕೋಶ’ಕ್ಕೂ ಇದಕ್ಕೂ ಗಂಟು ಹಾಕುತ್ತಾರೆ. ಕೋಶವೆಂದರೆ ಬ್ಲ್ಯಾಡರ್. ಒಪ್ಪಿಗೆ ಪತ್ರದಲ್ಲಿ ಅಂಗವೇ ಅದಲುಬದಲಾದರೆ ಗತಿಯೇನು? ಡಯಾಲಿಸಿಸ್‌ಗೆ ಕೂತ ಅಜ್ಜಿಯೂ ತಪ್ಪಿಲ್ಲದೆ ಹೇಳುವ ಪದ ಕಿಡ್ನಿ.

— ರಾಜಾಜಿನಗರ

*

ಎಲ್ಲರಿಗೂ ವಂದನೆ. ಮುದ್ರಣಕ್ಕೆ ಹೀಗೆ ಕಳಿಸುತ್ತಿದ್ದೇನೆ.

ಫಲಕ: ಕಿರುಗಿಂಡಿ ಕಿಡ್ನಿ ಶಸ್ತ್ರಚಿಕಿತ್ಸೆ

ಹಾಳೆಯ ಮೊದಲ ಸಾಲು: ‘ಹೊಟ್ಟೆಯ ಮೇಲೆ ಮೂರು ನಾಲ್ಕು ಸಣ್ಣ ಕಿಂಡಿ ಮಾಡಿ ಕಿಡ್ನಿಯನ್ನು ಬಿಡಿಸಿ, ಕಿಬ್ಬೊಟ್ಟೆಯಲ್ಲಿ ಸುಮಾರು 6ರಿಂದ 8 ಸೆಂ.ಮೀ. ಕೊಯ್ದು ಇಡಿಯಾಗಿ ಹೊರತೆಗೆಯುತ್ತೇವೆ. ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ದೊಡ್ಡ ಕೊಯ್ತ ಬೇಕಾಗಬಹುದು.’

— ಅನುವಾದಕಿ, ಜಯನಗರ

*

‘ಕಿರುಗಿಂಡಿ’ಗೆ ಒಪ್ಪಿಗೆ. ‘ಕಿಡ್ನಿ’ಗೆ ಇಲ್ಲ. ಕಂಸದಲ್ಲಾದರೂ ‘ಮೂತ್ರಪಿಂಡ’ ಹಾಕಿಸಿ.

— ಬಸವನಗುಡಿ