ಪದಚರ್ಚೆ: ‘ಗ್ರಂಜ್ ನಾಸ್ಟಾಲ್ಜಿಯಾ’ಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಅಮೆರಿಕದ ಸಿಯಾಟಲ್ ನಗರದಲ್ಲಿ 1980ರ ದಶಕದಲ್ಲಿ ರೂಪುಗೊಂಡ ಗ್ರಂಜ್ ಸಂಗೀತ, ಅದರ ಜೊತೆಗೆ ಬಂದ ಉಡುಗೆ ಹಾಗೂ ಆ ಕಾಲದ ಬಗ್ಗೆ ಈಗ ಮತ್ತೆ ಕಾಣುತ್ತಿರುವ ಮೋಹವನ್ನು ಕುರಿತ ಲೇಖನವೊಂದನ್ನು ಮಾಸಪತ್ರಿಕೆಗಾಗಿ ಅನುವಾದಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಪುಟಗಳು ಅಚ್ಚಿಗೆ ಹೋಗಬೇಕು. ‘ಗ್ರಂಜ್ ನಾಸ್ಟಾಲ್ಜಿಯಾ’ ಎಂಬ ಶೀರ್ಷಿಕೆಗೆ ಕನ್ನಡದಲ್ಲಿ ಏನೆಂದು ಬರೆಯಬಹುದು? ಫ್ಲಾನೆಲ್ ಶರ್ಟ್, ಕಾರ್ಡಿಗನ್, ಥ್ರಿಫ್ಟ್ ಸ್ಟೋರ್ ಎಂಬ ಮಾತುಗಳೂ ಮೇಲಿಂದ ಮೇಲೆ ಬರುತ್ತವೆ. ಇದಲ್ಲದೆ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1992ರ ನವೆಂಬರಿನಲ್ಲಿ ಪ್ರಕಟಿಸಿದ್ದ ಗ್ರಂಜ್ ಆಡುನುಡಿಯ ಪುಟ್ಟ ಪದಪಟ್ಟಿಯೊಂದು ಲೇಖನದ ಪಕ್ಕದಲ್ಲಿದೆ. ಅದರಲ್ಲಿನ ‘ಲೇಮ್‌ಸ್ಟೇನ್’, ‘ಹಾರ್ಶ್ ರೆಲ್ಮ್’, ‘ವ್ಯಾಕ್ ಸ್ಲ್ಯಾಕ್ಸ್’ ಮುಂತಾದವಕ್ಕೆ ನಮ್ಮ ಹುಡುಗರ ಮಾತಿನಿಂದ ಸಮಾನಪದಗಳನ್ನು ಸೂಚಿಸಿದರೆ ಉಪಕಾರವಾಗುತ್ತದೆ.

ಉತ್ತರ 1

‘ಗ್ರಂಜ್’ ಎಂದು ಬರೆಯುವ ಅಗತ್ಯವೇ ಇಲ್ಲ. ಪದದ ಮೊದಲಲ್ಲಿ ಒತ್ತಕ್ಷರ, ಕೊನೆಯಲ್ಲಿ ಅರ್ಧಾಕ್ಷರ. ಕನ್ನಡದ ಬಾಯಿಗೆ ಒಗ್ಗದ ಎರಡು ಗುಣಗಳೂ ಅದರಲ್ಲಿವೆ. ಇಂಗ್ಲಿಷಿನಲ್ಲಿ ಅದಕ್ಕೆ ಕೊಳೆ ಎಂದೇ ಅರ್ಥವಾದ್ದರಿಂದ ‘ಕೊಳೆಹಾಡು’ ಎನ್ನಿ. ನಾಸ್ಟಾಲ್ಜಿಯಾಕ್ಕೆ ‘ಹಳಹಳಿಕೆ’ ಇದ್ದೇ ಇದೆ. ‘ಹಳೆ’ ಎಂಬುದರಿಂದಲೇ ಹುಟ್ಟಿದ ಅಚ್ಚಗನ್ನಡದ ಮಾತು ಅದು. ಥ್ರಿಫ್ಟ್ ಸ್ಟೋರ್ ಎಂದರೆ ಗುಜರಿ ಅಂಗಡಿ. ಇದರಲ್ಲಿ ಚರ್ಚಿಸುವಂಥದ್ದು ಏನೂ ಇಲ್ಲ.

ಉತ್ತರ 2

‘ಕೊಳೆಹಾಡು’ ಕೇಳಿಸಿಕೊಳ್ಳುವುದಕ್ಕೇ ಅಸಹ್ಯವಾಗಿದೆ. ಆ ಸಂಗೀತದ ಲಕ್ಷಣವೇ ಕರ್ಕಶತೆಯಾದ್ದರಿಂದ ‘ಅಪಶ್ರುತಿ ಸಂಗೀತ’ ಎನ್ನುವುದು ಶಾಸ್ತ್ರೀಯವಾಗಿಯೂ ಸರಿಯಾಗುತ್ತದೆ.

ಉತ್ತರ 3

> ‘ಅಪಶ್ರುತಿ ಸಂಗೀತ’ ಎನ್ನುವುದು ಶಾಸ್ತ್ರೀಯವಾಗಿಯೂ ಸರಿಯಾಗುತ್ತದೆ

ಸರಿಯಲ್ಲ. ಗಿಟಾರಿನ ಧ್ವನಿಯನ್ನು ಆಂಪ್ಲಿಫೈಯರ್ ತಾಳಲಾರದಷ್ಟು ಹೆಚ್ಚಿಸಿದಾಗ ಅಲೆಯ ತುದಿಗಳು ಕತ್ತರಿಸಿದಂತಾಗಿ ನಾದ ಒರಟಾಗುತ್ತದೆ. ಇದೇ ಪರಿಣಾಮವನ್ನು ಕಾಲಿನಿಂದ ಒತ್ತುವ ಪೆಡಲ್ ಪೆಟ್ಟಿಗೆಗಳಿಂದಲೂ ತರುತ್ತಾರೆ. ಮಡ್‌ಹನಿ ತಂಡವು 1988ರ ತನ್ನ ಧ್ವನಿಮುದ್ರಿಕೆಗೆ ಅಂಥ ಎರಡು ಪೆಡಲ್‌ಗಳ ಹೆಸರನ್ನೇ ಜೋಡಿಸಿ ‘ಸೂಪರ್‌ಫಝ್ ಬಿಗ್‌ಮಫ್’ ಎಂದು ಹೆಸರಿಟ್ಟಿತ್ತು. ಇಲ್ಲಿ ಒಡೆಯುವುದು ನಾದವೇ ಹೊರತು ಶ್ರುತಿಯಲ್ಲ. ಸ್ಪೀಕರಿನಲ್ಲಿ ದನಿ ಒಡೆಯುತ್ತಿದೆ ಎಂದು ನಾವು ದಿನನಿತ್ಯ ಹೇಳುತ್ತೇವಾದ್ದರಿಂದ ಈ ಗುಣವನ್ನು ವರ್ಣಿಸಬೇಕಾದಲ್ಲಿ ‘ಒಡಕು ನಾದ’ ಎಂದರೆ ಸಾಕು. ಗ್ರಂಜಿನ ಹೆಸರಾಂತ ತಂಡವಾದ ನಿರ್ವಾಣಾದ ಹಾಡುಗಳಲ್ಲಿ ಮೆಲುದನಿಯ ಚರಣವೂ ಈ ಒಡಕು ನಾದದ ಅಬ್ಬರದ ಪಲ್ಲವಿಯೂ ಒಂದರ ಬೆನ್ನಿಗೆ ಒಂದು ಬರುವುದರಲ್ಲೇ ಸೊಗಸಿದೆ. ಅವನ್ನು ಅಪಶ್ರುತಿ ಎಂದು ಕರೆದರೆ ಓದುಗರು ಹಾಡುಗಾರಿಕೆಯೇ ಕೆಟ್ಟದ್ದೆಂದು ತಿಳಿದುಕೊಳ್ಳುತ್ತಾರೆ.

ಇನ್ನು ಗ್ರಂಜ್. ಅದರ ನಿಘಂಟಿನ ಅರ್ಥ ಕೊಳೆ ಎಂಬುದು ನಿಜ. ಆದರೆ 1981ರಲ್ಲಿ ಮಾರ್ಕ್ ಆರ್ಮ್ ಎಂಬ ಸಂಗೀತಗಾರ ಸಿಯಾಟಲಿನ ಕಿರುಪತ್ರಿಕೆಯೊಂದಕ್ಕೆ ಪತ್ರ ಬರೆದು, ತನ್ನ ತಂಡವನ್ನೇ ಹಳಿಯುತ್ತ ಆ ಪದವನ್ನು ಬಳಸಿದ್ದ. 1987ರಲ್ಲಿ ಸಬ್ ಪಾಪ್ ಎಂಬ ಸಿಯಾಟಲಿನ ಧ್ವನಿಮುದ್ರಿಕೆ ಸಂಸ್ಥೆ ಗ್ರೀನ್ ರಿವರ್ ತಂಡದ ಮುದ್ರಿಕೆಯ ಜಾಹೀರಾತಿನಲ್ಲಿ ಅದನ್ನೇ ಹೊಗಳಿಕೆಯ ಮಾತನ್ನಾಗಿ ಮಾಡಿಕೊಂಡಿತು. ಆ ತಂಡದಲ್ಲಿಯೂ ಹಾಡುತ್ತಿದ್ದವನು ಆರ್ಮ್. ನಿರ್ವಾಣಾದ ‘ನೆವರ್‌ಮೈಂಡ್’ 1991ರ ಸೆಪ್ಟೆಂಬರಿನಲ್ಲಿ ಹೊರಬಂದು, 1992ರ ಜನವರಿಯಲ್ಲಿ ಮೈಕಲ್ ಜಾಕ್ಸನ್‌ನ ‘ಡೇಂಜರಸ್’ ಅನ್ನು ಹಿಂದಿಕ್ಕಿ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರುವ ಹೊತ್ತಿಗೆ ಕೊಳೆ ಎಂಬ ಅರ್ಥ ಹಿಂದೆ ಸರಿದು ಅದು ಒಂದು ಸಂಗೀತದ, ಒಂದು ಊರಿನ, ಒಂದು ಪೀಳಿಗೆಯ ಹೆಸರಾಗಿತ್ತು. ಹೆಸರನ್ನು ಅನುವಾದಿಸಬಾರದು. ಠುಮ್ರಿ, ಗಜಲ್, ಜಾಝ್‌ಗಳನ್ನು ನಾವು ಅನುವಾದಿಸಿಲ್ಲ. ಕೊನೆಯ ಅರ್ಧಾಕ್ಷರದ ಆಕ್ಷೇಪವಂತೂ ನಿಲ್ಲುವುದಿಲ್ಲ. ವಿಭಕ್ತಿ ಸೇರಿದೊಡನೆ ಗ್ರಂಜಿನ, ಗ್ರಂಜಿಗೆ, ಗ್ರಂಜಿನಿಂದ ಎಂದು ಪದ ತಾನಾಗಿಯೇ ಕನ್ನಡದ ನಡೆಗೆ ಬರುತ್ತದೆ.

> ‘ಹಳೆ’ ಎಂಬುದರಿಂದಲೇ ಹುಟ್ಟಿದ ಅಚ್ಚಗನ್ನಡದ ಮಾತು

ಪದ ಒಪ್ಪಿಗೆ, ವ್ಯುತ್ಪತ್ತಿ ಒಪ್ಪಿಗೆಯಿಲ್ಲ. ಹಳಹಳಿಸು ಎಂದರೆ ಮರುಗು, ವ್ಯಥೆಪಡು. ಕಳಕಳಿ, ತಹತಹಿಕೆಗಳಂತೆ ಇದೂ ಒಳಗಿನ ತಳಮಳವನ್ನು ದ್ವಿರುಕ್ತಿಯಿಂದ ತೋರಿಸುವ ಮಾತಾಗಿದ್ದು, ‘ಹಳೆ’ಯ ಹೋಲಿಕೆ ಕಿವಿಗೆ ಮಾತ್ರ ಸೇರಿದ್ದು. ಈ ಲೇಖನಕ್ಕೆ ಅದು ಒಪ್ಪುವುದೂ ಆ ವ್ಯಥೆಯ ಅರ್ಥದಿಂದಲೇ. ನಾಸ್ಟಾಲ್ಜಿಯಾ ಎಂಬ ಪದವನ್ನು 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯ ಮರಳುವಿಕೆ, ನೋವು ಎಂಬ ಎರಡು ಗ್ರೀಕ್ ಮಾತುಗಳನ್ನು ಕೂಡಿಸಿ ಒಂದು ಕಾಯಿಲೆಯ ಹೆಸರಾಗಿ ಕಟ್ಟಿದ. ‘ಗತವೈಭವದ ನೆನಪು’ ಎಂಬಂಥ ಮಾತಿನಲ್ಲಿ ಆ ನೋವು ಉಳಿಯುವುದಿಲ್ಲ. ಗ್ರಂಜ್ ಪೀಳಿಗೆಯವರಿಗಾದರೋ ನೆನಪು ಮತ್ತು ನೋವು ಬೇರೆಬೇರೆಯಲ್ಲ. 1994ರ ಏಪ್ರಿಲ್‌ನಲ್ಲಿ ನಿರ್ವಾಣಾದ ಗಾಯಕ ಕರ್ಟ್ ಕೊಬೇನ್ ತೀರಿಕೊಂಡಾಗ ಅವನಿಗೆ 27 ವರ್ಷ ವಯಸ್ಸು. ಶೀರ್ಷಿಕೆಗೆ ‘ಗ್ರಂಜ್ ಕಾಲದ ಹಳಹಳಿಕೆ’ ಎಂದಿಡಿ.

ಉಡುಗೆಯ ಮಾತುಗಳಲ್ಲಿ ಮಾತ್ರ ನಮ್ಮದನ್ನೇ ಧಾರಾಳವಾಗಿ ಬಳಸಬೇಕು, ಏಕೆಂದರೆ ಅವು ಹೆಸರುಗಳಲ್ಲ, ವಸ್ತುಗಳು. ಫ್ಲಾನೆಲ್ ಶರ್ಟಿಗೆ ‘ಚೌಕಳಿಯ ಫ್ಲಾನೆಲ್ ಅಂಗಿ’, ಕಾರ್ಡಿಗನ್ನಿಗೆ ‘ಮುಂದೆ ಗುಂಡಿಯಿರುವ ಸ್ವೆಟರ್’, ಮತ್ತೆ ದೊಗಲೆ ಪ್ಯಾಂಟು, ಹರಕು ಜೀನ್ಸ್. ಗುಜರಿ ಅಂಗಡಿ ಬೇಡವೇ ಬೇಡ; ಅಲ್ಲಿ ಮಾರುವುದು ತೂಕದ ಕಬ್ಬಿಣ, ರದ್ದಿ. ಥ್ರಿಫ್ಟ್ ಸ್ಟೋರಿನಲ್ಲಿರುವುದು ಹೆಚ್ಚಾಗಿ ದಾನವಾಗಿ ಬಂದ, ಇನ್ನೂ ತೊಡಬಹುದಾದ ಬಟ್ಟೆ. ‘ಹಳೆ ಬಟ್ಟೆಯ ಅಂಗಡಿ’ ಎಂದು ಸರಳವಾಗಿ ಬರೆಯಿರಿ. ಕೊಬೇನ್ ಬೆಳೆದ ಆಬರ್ಡೀನ್ ಮರ ಕಡಿಯುವವರ ಊರು. ಮಳೆ ಮತ್ತು ಚಳಿಯ ಆ ಸೀಮೆಯಲ್ಲಿ ಫ್ಲಾನೆಲ್ ಅಂಗಿ ಕೂಲಿಕಾರರ ಮೈಮೇಲಿನ ಅಗ್ಗದ, ಬೆಚ್ಚಗಿನ ಬಟ್ಟೆಯಾಗಿತ್ತೇ ಹೊರತು ಯಾರೂ ಶೋಕಿಗಾಗಿ ಆರಿಸಿಕೊಂಡದ್ದಾಗಿರಲಿಲ್ಲ. ಅನುವಾದದಲ್ಲಿ ಈ ಬಡತನ ಕಾಣಿಸದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. 1992ರ ನವೆಂಬರಿನಲ್ಲಿ ವಸ್ತ್ರವಿನ್ಯಾಸಕ ಮಾರ್ಕ್ ಜೇಕಬ್ಸ್ ಅದೇ ಚೌಕಳಿಯನ್ನು ರೇಷ್ಮೆಯ ಮೇಲೆ ಅಚ್ಚು ಹಾಕಿಸಿ ತಾನು ಕೆಲಸಕ್ಕಿದ್ದ ಪೆರಿ ಎಲ್ಲಿಸ್ ಉಡುಪು ಸಂಸ್ಥೆಯ ಪ್ರದರ್ಶನದಲ್ಲಿ ತೋರಿಸಿದ. ಅದರ ಬೆನ್ನಿಗೇ ಕೆಲಸ ಕಳೆದುಕೊಂಡ. 2018ರಲ್ಲಿ ಆ ಉಡುಗೆಗಳನ್ನೇ ಮತ್ತೆ ಮಾರುಕಟ್ಟೆಗೆ ತಂದ. ಕೊಬೇನ್ 1993ರಲ್ಲಿ ಎಂಟಿವಿ ಅನ್‌ಪ್ಲಗ್ಡ್ ಸಂಗೀತ ಕಛೇರಿಯಲ್ಲಿ ತೊಟ್ಟಿದ್ದ, ಸಿಗರೇಟಿನಿಂದ ಸುಟ್ಟ ತೂತಿರುವ, ತೊಳೆಯದೆ ಇಟ್ಟಿದ್ದ ಸ್ವೆಟರ್ 2019ರ ಹರಾಜಿನಲ್ಲಿ 3,34,000 ಡಾಲರಿಗೆ ಹೋಯಿತು.

ಪದಪಟ್ಟಿಯ ವಿಷಯ ಎಲ್ಲಕ್ಕಿಂತ ಮುಖ್ಯವಾದದ್ದು: ದಯವಿಟ್ಟು ಅವಕ್ಕೆ ಸಮಾನಪದ ಹುಡುಕಬೇಡಿ. ಅಂಥ ಆಡುನುಡಿ ಸಿಯಾಟಲಿನಲ್ಲಿ ಇರಲೇ ಇಲ್ಲ. ವರದಿಗಾರರು ಕೇಳಿದಾಗ, ಹಿಂದೆ ಸಬ್ ಪಾಪ್‌ನಲ್ಲಿ ಕೆಲಸ ಮಾಡಿದ್ದ ಮೆಗನ್ ಜಾಸ್ಪರ್ ಅವನ್ನೆಲ್ಲ ಫೋನಿನಲ್ಲಿಯೇ ಹುಟ್ಟುಹಾಕಿ ಹೇಳಿದರು. ಪತ್ರಿಕೆ ನಂಬಿ ಅಚ್ಚು ಹಾಕಿತು. ‘ದ ಬ್ಯಾಫ್ಲರ್’ ಎಂಬ ನಿಯತಕಾಲಿಕ ಅದನ್ನು ಬಯಲಿಗೆಳೆಯಿತು. ನಿಮ್ಮ ಮೂಲ ಲೇಖಕರಿಗೆ ಇದು ತಿಳಿದಿದೆಯೇ ಎಂಬುದನ್ನು ಮೊದಲು ನೋಡಿ. ತಿಳಿದಿದ್ದರೆ ಆ ಪದಗಳನ್ನು ಉಚ್ಚಾರವಿದ್ದಂತೆಯೇ ಕನ್ನಡ ಲಿಪಿಯಲ್ಲಿ ಬರೆದು ಕೆಳಗೆ ಸಂಗತಿಯನ್ನು ತಿಳಿಸಿ. ತಿಳಿಯದಿದ್ದರೆ ಪಟ್ಟಿಯನ್ನು ಕೈಬಿಡುವಂತೆ ಸಂಪಾದಕರನ್ನು ಕೇಳಿಕೊಳ್ಳಿ.

ಉತ್ತರ 4 (ಉತ್ತರ 1 ಬರೆದವರಿಂದ)

ಹೆಸರು ಎಂಬ ನೆಪದಲ್ಲಿಯೇ ಸಾವಿರ ಪದಗಳು ಒಳಗೆ ಬಂದು ಕುಳಿತಿವೆ. ಹೊಸ ಪದ ಕಟ್ಟುವ ಶಕ್ತಿಯನ್ನು ಬಳಸದೆ ಬಿಟ್ಟ ಭಾಷೆ ಆ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ ಎಂಬುದೇ ನನ್ನ ಆತಂಕ. ಹಳಹಳಿಕೆಯ ವ್ಯುತ್ಪತ್ತಿಯ ಬಗ್ಗೆಯೂ ನನ್ನ ನಿಲುವು ಬದಲಾಗಿಲ್ಲ.

ಉತ್ತರ 5 (ಉತ್ತರ 3 ಬರೆದವರಿಂದ)

ಶಾಲು, ರುಮಾಲುಗಳು ಪಾರಸಿಯಿಂದ ಬಂದವು. ಅವುಗಳಿಂದ ಕನ್ನಡದ ಪದ ಕಟ್ಟುವ ಶಕ್ತಿ ಕುಂದಲಿಲ್ಲ. ಕಟ್ಟಬೇಕಾದ ಕಡೆ ಕಟ್ಟೋಣ. ಚೌಕಳಿ, ದೊಗಲೆ, ಒಡಕು ಎಂಬ ಪದಗಳು ಇದ್ದೂ ಅನುವಾದಕರು ಅವನ್ನು ಮರೆತು ಇಂಗ್ಲಿಷನ್ನೇ ಉಳಿಸುತ್ತಿದ್ದಾರೆ ಎಂಬುದು ನನ್ನ ನಿಜವಾದ ದೂರು. ವ್ಯುತ್ಪತ್ತಿಗೆ ಪ್ರಾಚೀನ ಪ್ರಯೋಗವೊಂದನ್ನು ತೋರಿಸಿ, ನಂತರ ಮಾತನಾಡೋಣ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಶೀರ್ಷಿಕೆ ‘ಗ್ರಂಜ್ ಕಾಲದ ಹಳಹಳಿಕೆ’ ಎಂದೇ ಹೋಗುತ್ತದೆ. ಪದಪಟ್ಟಿಯ ಸಂಗತಿ ಮೂಲ ಲೇಖನದಲ್ಲಿ ಎಲ್ಲಿಯೂ ಇಲ್ಲವಾದ್ದರಿಂದ ಸಂಪಾದಕರಿಗೆ ಈಗಲೇ ಬರೆಯುತ್ತಿದ್ದೇನೆ.