ಸೆಕೆಂಡ್ ಲೈಫ್ ಟೆಕ್ಸ್ಚರ್ ಕಂಪ್ಯೂಟರಿಗೆ ಇಳಿಸುವುದು: ಕೆಲವಕ್ಕೆ ಮಾತ್ರ ಸೇವ್ ಆ್ಯಸ್ ಬರುತ್ತದೆ, ಯಾಕೆ?

ಗೋಡೆಬಣ್ಣ:
ಸೆಕೆಂಡ್ ಲೈಫ್ ಎಂಬ ಆನ್‌ಲೈನ್ ಕಾಲ್ಪನಿಕ ಲೋಕದಲ್ಲಿರುವ ಮನೆಯ ಗೋಡೆ, ನೆಲದ ಟೆಕ್ಸ್ಚರ್‌ಗಳನ್ನು (ಮೇಲ್ಮೈಗೆ ಹೊದಿಸುವ ಚಿತ್ರಗಳು) ಚಿತ್ರ ತಿದ್ದುವ ಗಿಂಪ್‌ಗೆ ತಂದು ತಿದ್ದಬೇಕು. ಮೂಲ ಫೈಲ್‌ಗಳು ಈಗ ಇಲ್ಲ, ಇನ್ವೆಂಟರಿಯಲ್ಲಿ (ಅಲ್ಲಿನ ನಮ್ಮ ವಸ್ತುಗಳ ಸಂಗ್ರಹ) ಇರುವುದಷ್ಟೇ. ಬಳಸುತ್ತಿರುವ ವ್ಯೂವರ್ (ಆ ಲೋಕವನ್ನು ತೋರಿಸುವ ಸಾಫ್ಟ್‌ವೇರ್) ಫೈರ್‌ಸ್ಟಾರ್ಮ್. ಕೆಲವು ಟೆಕ್ಸ್ಚರ್ ತೆರೆದರೆ ಕೆಳಗಿನ ಸೇವ್ ಆ್ಯಸ್ ಗುಂಡಿ ಒತ್ತಲು ಬರುತ್ತದೆ, ಇನ್ನು ಕೆಲವಕ್ಕೆ ಮಂಕಾಗಿ ಕೂತಿರುತ್ತದೆ. ಇಳಿಸಿದ ಒಂದು ಪೋಸ್ಟರ್ 16:9 ಇರಬೇಕಿತ್ತು, ಬಂದದ್ದು 1024×1024 ಚೌಕ. ಇಳಿಸುವಾಗ ಪಿಎನ್‌ಜಿ ಬಗೆಯ ಫೈಲ್ ತಗೊಳ್ಳಲೋ ಟಿಜಿಎ ತಗೊಳ್ಳಲೋ ಅನ್ನುವುದೂ ಗೊತ್ತಾಗುತ್ತಿಲ್ಲ.

ಜಾಲಂಧ್ರ:
ಗುಂಡಿ ಮಂಕಾಗಲು ಕಾರಣ ಅನುಮತಿ. ಮಾಡಿಫೈ (ತಿದ್ದಲು), ಕಾಪಿ (ನಕಲಿಸಲು), ಟ್ರಾನ್ಸ್‌ಫರ್ (ಬೇರೆಯವರಿಗೆ ಕೊಡಲು) ಮೂರೂ ನಿಮಗಿದ್ದರೆ ಮಾತ್ರ ವ್ಯೂವರ್ ಡಿಸ್ಕಿಗೆ ಉಳಿಸಲು ಬಿಡುತ್ತದೆ. ಇನ್ವೆಂಟರಿಯಲ್ಲಿ ಹೆಸರಿನ ಪಕ್ಕ "ನೋ ಮಾಡಿಫೈ", "ನೋ ಕಾಪಿ" ಅಥವಾ "ನೋ ಟ್ರಾನ್ಸ್‌ಫರ್" ಅಂತ ಇದ್ದರೆ ಅಲ್ಲಿಗೆ ಮುಗಿಯಿತು. ಗೆಳೆಯರು ಕೊಟ್ಟ ಟೆಕ್ಸ್ಚರ್ ಆಗಿದ್ದರೆ, ಅವರು ತಮ್ಮ ಪ್ರತಿಯ ಪ್ರಾಪರ್ಟೀಸ್‌ನಲ್ಲಿ ಮುಂದಿನ ಒಡೆಯರಿಗೆ ಮೂರನ್ನೂ ಟಿಕ್ ಮಾಡಿ ಹೊಸದಾಗಿ ಕಳಿಸಬೇಕು. ಈಗಾಗಲೇ ನಿಮ್ಮ ಕೈಗೆ ಬಂದ ಪ್ರತಿಯ ಅನುಮತಿ ಅದರಿಂದ ಬದಲಾಗುವುದಿಲ್ಲ.

ಮೂರೂ ಇದ್ದು ಗುಂಡಿ ಇನ್ನೂ ಮಂಕಾಗಿದ್ದರೆ ಚಿತ್ರ ಬರುವುದು ಮುಗಿದಿಲ್ಲ ಎಂದರ್ಥ. ಕಿಟಕಿಯನ್ನು ತೆರೆದೇ ಇಟ್ಟು ಸ್ವಲ್ಪ ಕಾಯಿರಿ.

ಪೋಸ್ಟರ್ ಚೌಕವಾದದ್ದು ಇಳಿಸುವಾಗ ಅಲ್ಲ, ಮೊದಲ ಸಲ ಏರಿಸುವಾಗಲೇ. ಅಗಲ, ಎತ್ತರ ಎರಡೂ 256, 512, 1024 ಹೀಗೆ ಎರಡರ ಘಾತವೇ ಆಗಿರಬೇಕು. ಇಲ್ಲದಿದ್ದರೆ ವ್ಯೂವರ್ ತಾನೇ ಹಿಗ್ಗಿಸಿ ಕುಗ್ಗಿಸಿ ಕೂರಿಸುತ್ತದೆ. ಪ್ರಿವ್ಯೂ ಕಿಟಕಿಯಲ್ಲಿ 16:9 ಆರಿಸಿದರೂ ಅದು ತೋರಿಕೆಗಷ್ಟೇ, ಉಳಿಯುವ ಫೈಲ್ ಚೌಕವೇ. ಗಿಂಪ್‌ನಲ್ಲಿ ಸ್ಕೇಲ್ ಇಮೇಜ್‌ಗೆ ಹೋಗಿ, ಅಗಲ ಎತ್ತರದ ನಡುವಿನ ಸರಪಳಿ ಬಿಡಿಸಿ, 1024×576 ಕೊಡಿ. ಆಕಾರ ಸರಿಹೋಗುತ್ತದೆ. ಹೋದ ಸೂಕ್ಷ್ಮ ವಿವರ ಮಾತ್ರ ವಾಪಸ್ ಬರುವುದಿಲ್ಲ.

ಆಲ್ಫಾಪದರ:
ಪಿಎನ್‌ಜಿಯೋ ಟಿಜಿಎಯೋ ಎಂಬುದಕ್ಕೆ: ಬರೀ ಗೋಡೆ, ನೆಲ ಆದರೆ ಪಿಎನ್‌ಜಿ ಸಾಕು, ಫೈಲೂ ಚಿಕ್ಕದು. ನಾರ್ಮಲ್ ಮ್ಯಾಪ್ (ಉಬ್ಬು ತಗ್ಗು ತೋರಿಸುವ ಚಿತ್ರ), ಸ್ಪೆಕ್ಯುಲರ್ ಮ್ಯಾಪ್ (ಹೊಳಪು ತೋರಿಸುವ ಚಿತ್ರ) ಆದರೆ ಎಚ್ಚರ. ಹಳೆಯ ಬಗೆಯ ಮಟೀರಿಯಲ್‌ನಲ್ಲಿ ನಾರ್ಮಲ್ ಮ್ಯಾಪಿನ ಆಲ್ಫಾದಲ್ಲಿ (ಕೆಂಪು, ಹಸಿರು, ನೀಲಿಯ ಜೊತೆಗಿನ ನಾಲ್ಕನೇ ಚಾನಲ್) ಹೊಳಪಿನ ಹರಿತ, ಸ್ಪೆಕ್ಯುಲರ್ ಮ್ಯಾಪಿನ ಆಲ್ಫಾದಲ್ಲಿ ಸುತ್ತಲಿನ ಪ್ರತಿಫಲನದ ಪ್ರಮಾಣ ಕೂತಿರುತ್ತದೆ. ಅದು ಪಾರದರ್ಶಕತೆ ಅಲ್ಲವೇ ಅಲ್ಲ. ಫೋಟೋಶಾಪ್ ಪಿಎನ್‌ಜಿಯ ಆಲ್ಫಾವನ್ನು ಪಾರದರ್ಶಕತೆ ಎಂದೇ ಓದುತ್ತದೆ, ಆಮೇಲೆ ಅಡಿಯ ಬಣ್ಣ ಕೈಗೆ ಸಿಗುವುದು ಕಷ್ಟ. ಟಿಜಿಎ ತೆರೆದರೆ ಆಲ್ಫಾ ಬೇರೆ ಚಾನಲ್ ಆಗಿ ನಿಲ್ಲುತ್ತದೆ.

ಗಿಂಪ್‌ನವರು ಲೇಯರ್ ಮೆನುವಿನ ಮಾಸ್ಕ್‌ನಲ್ಲಿ ಆ್ಯಡ್ ಲೇಯರ್ ಮಾಸ್ಕ್, ಅದರಲ್ಲಿ "ಟ್ರಾನ್ಸ್‌ಫರ್ ಲೇಯರ್ಸ್ ಆಲ್ಫಾ ಚಾನಲ್" ಆರಿಸಿ. ಬಣ್ಣ ಒಂದು ಕಡೆ, ಆಲ್ಫಾ ಒಂದು ಕಡೆ ಆಗುತ್ತದೆ. ಫ್ಲ್ಯಾಟನ್ (ಪದರಗಳನ್ನೆಲ್ಲ ಒಂದಾಗಿಸುವುದು) ಮಾಡಲೇಬೇಡಿ, ಹಿನ್ನೆಲೆಯ ಬಣ್ಣ ಒಳಗೆ ಬೆರೆತು ಮ್ಯಾಪ್ ಕೆಡುತ್ತದೆ. ಪಿಎನ್‌ಜಿಗೆ ಎಕ್ಸ್‌ಪೋರ್ಟ್ ಮಾಡುವಾಗ ಪಾರದರ್ಶಕ ಪಿಕ್ಸೆಲ್‌ಗಳ ಬಣ್ಣ ಉಳಿಸುವ ಆಯ್ಕೆಗೆ ಟಿಕ್ ಇರಲಿ.

ಹೊಸ ಬಗೆಯ ಪಿಬಿಆರ್ ಮಟೀರಿಯಲ್ ಕಿಟಕಿಯಲ್ಲೂ ಒಂದು ಸೇವ್ ಆ್ಯಸ್ ಇದೆ. ಅದು ಉಳಿಸುವುದು ಇನ್ವೆಂಟರಿಗೇ ಹೊರತು ಡಿಸ್ಕಿಗಲ್ಲ. ಹೆಸರು ಒಂದೇ, ಕೆಲಸ ಬೇರೆ. ಅಲ್ಲಿ ಬಳಸಿದ ಚಿತ್ರಗಳು ಬೇಕಿದ್ದರೆ ಅವು ಬಿಡಿ ಟೆಕ್ಸ್ಚರ್ ಆಗಿ ನಿಮ್ಮ ಹತ್ತಿರ ಇರಬೇಕು.

ಗೋಡೆಬಣ್ಣ:
ಧನ್ಯವಾದ. ವ್ಯೂವರ್‌ನ ಕ್ಯಾಶ್ (ಬಂದ ಚಿತ್ರಗಳನ್ನು ತಾತ್ಕಾಲಿಕವಾಗಿ ಇಡುವ) ಫೋಲ್ಡರ್‌ನಿಂದ ನೇರವಾಗಿ ತೆಗೆಯಬಹುದಾ? ತಿದ್ದಿದ್ದನ್ನು ಮತ್ತೆ ಏರಿಸಿದರೆ ಗುಣಮಟ್ಟ ಬೀಳುತ್ತದಾ?

ಕಲ್ಲುಗಾರೆ:
ಕ್ಯಾಶ್ ಕೆದಕಿ ಪ್ರಯೋಜನವಿಲ್ಲ. ಅಲ್ಲಿರುವುದು ಜೆಪೆಗ್ 2000 ಎಂಬ ಬಗೆಯ ಚಿತ್ರದ ತುಣುಕುಗಳು. ಚಿತ್ರದ ತಲೆಭಾಗ ಎಲ್ಲ ಟೆಕ್ಸ್ಚರ್‌ಗಳದ್ದೂ ಸೇರಿ ಒಂದೇ ಫೈಲಿನಲ್ಲಿ, ಉಳಿದ ಭಾಗ ಬೇರೆ ಫೋಲ್ಡರ್‌ಗಳಲ್ಲಿ. ತಲೆ ಇಲ್ಲದ ಫೈಲನ್ನು ಯಾವ ಸಾಫ್ಟ್‌ವೇರೂ ತೆರೆಯುವುದಿಲ್ಲ. ಜೋಡಿಸಿದರೂ, ದೂರದಿಂದ ಕಂಡ ವಸ್ತುವಿನ ಟೆಕ್ಸ್ಚರ್ ಅರೆಬರೆ ಇಳಿದಿರುತ್ತದೆ. ಇನ್ನೊಬ್ಬರ ಟೆಕ್ಸ್ಚರ್ ಹೀಗೆ ಎತ್ತುವುದು ಕಳ್ಳತನವೇ. 2006ರಲ್ಲಿ ಕಾಪಿಬಾಟ್ ಎಂಬ ನಕಲು ಸಾಧನದ ಗಲಾಟೆ ಎದ್ದದ್ದೂ ಇಂಥ ನಕಲಿನ ವಿಷಯಕ್ಕೇ. ಕೊಂಡ ಫುಲ್ ಪರ್ಮ್ (ಮೂರೂ ಅನುಮತಿ ಇರುವ) ಟೆಕ್ಸ್ಚರ್ ಆದರೂ ಮಾರಿದವರ ನೋಟ್‌ಕಾರ್ಡ್ (ಜೊತೆಗೆ ಕೊಡುವ ಟಿಪ್ಪಣಿ) ಓದಿ. ಗುಂಡಿ ಒತ್ತಲು ಬಂದ ಮಾತ್ರಕ್ಕೆ ಸೆಕೆಂಡ್ ಲೈಫ್ ಹೊರಗೆ ಬಳಸುವ ಪರವಾನಗಿ ಸಿಕ್ಕಿತು ಎಂದಲ್ಲ.

ಮತ್ತೆ ಏರಿಸಿದರೆ ಗುಣಮಟ್ಟ ಬೀಳುತ್ತದೆ, ಹೌದು. ಏರಿಸುವಾಗಿನ ಜೆಪೆಗ್ 2000 ಸಂಕೋಚನ ನಷ್ಟದ್ದು. ಇಳಿಸಿದ ಪಿಎನ್‌ಜಿ ಆ ನಷ್ಟವನ್ನು ಹೊತ್ತೇ ಬರುತ್ತದೆ, ಮತ್ತೆ ಏರಿಸಿದಾಗ ಅದರ ಮೇಲೆ ಇನ್ನೊಂದು ಸಲ. ಇಟ್ಟಿಗೆಯ ಸಂದು, ಅಕ್ಷರದ ಅಂಚುಗಳಲ್ಲಿ ಮೊದಲು ಕಾಣುತ್ತದೆ. ಸ್ಕಲ್ಪ್ಟ್ ಮ್ಯಾಪಿನಂಥ (ವಸ್ತುವಿನ ಆಕಾರ ಹೇಳುವ) ಪುಟ್ಟ ಚಿತ್ರಗಳಿಗೆ, 128×128ರವರೆಗೆ, ನಷ್ಟವಿಲ್ಲದ ಸಂಕೋಚನದ ಆಯ್ಕೆ ಅಪ್‌ಲೋಡ್ ಕಿಟಕಿಯಲ್ಲೇ ಇದೆ.

ಆದ್ದರಿಂದ ಒಂದೇ ಸಲ ಇಳಿಸಿ, ಗಿಂಪ್‌ನ ಸ್ವಂತ ಬಗೆಯ ಎಕ್ಸ್‌ಸಿಎಫ್ ಫೈಲ್ ಆಗಿ ಇಟ್ಟುಕೊಂಡು ಅದರಲ್ಲೇ ತಿದ್ದುತ್ತಾ ಹೋಗಿ. ಸರಿ ಕಾಣುತ್ತದೋ ಎಂದು ನೋಡಲು ಪ್ರತಿ ಸಲ ಏರಿಸಿ ಲಿಂಡನ್ ಡಾಲರ್ (ಸೆಕೆಂಡ್ ಲೈಫ್‌ನ ಹಣ) ಸುರಿಯಬೇಡಿ. ಟೆಕ್ಸ್ಚರ್ ಪಿಕರ್‌ನಲ್ಲಿ (ಟೆಕ್ಸ್ಚರ್ ಆರಿಸುವ ಕಿಟಕಿ) "ಲೋಕಲ್" ಆರಿಸಿ, ಆ್ಯಡ್ ಒತ್ತಿ ಎಕ್ಸ್‌ಪೋರ್ಟ್ ಮಾಡಿದ ಪಿಎನ್‌ಜಿ ತೋರಿಸಿ. ಅದೇ ಹೆಸರಿಗೆ ಮತ್ತೆ ಎಕ್ಸ್‌ಪೋರ್ಟ್ ಮಾಡಿದಂತೆಲ್ಲ ಗೋಡೆಯ ಮೇಲೂ ಬದಲಾಗುತ್ತದೆ. ಕಾಣುವುದು ನಿಮಗೊಬ್ಬರಿಗೇ, ಲಾಗೌಟ್ ಆದರೆ ಹೋಗುತ್ತದೆ.

ಜಾಲಂಧ್ರ:
ಓಪನ್‌ಸಿಮ್ (ಸೆಕೆಂಡ್ ಲೈಫ್‌ನಂಥ ಲೋಕವನ್ನು ನಮ್ಮದೇ ಸರ್ವರ್‌ನಲ್ಲಿ ನಡೆಸುವ ಸಾಫ್ಟ್‌ವೇರ್) ಬಳಸುವವರಿಗೆ ಒಂದು ಸೇರಿಸುತ್ತೇನೆ. ಸರ್ವರ್ ನಿಮ್ಮದೇ ಆಗಿದ್ದರೆ ಒಂದೊಂದಾಗಿ ತೆರೆಯುವ ಗೋಳು ಬೇಡ. ಕನ್ಸೋಲ್‌ನಲ್ಲಿ "ಸೇವ್ ಐಎಆರ್" ಆದೇಶಕ್ಕೆ ಅವತಾರದ ಎರಡೂ ಹೆಸರು, ಫೋಲ್ಡರ್ ದಾರಿ, ಪಾಸ್‌ವರ್ಡ್, ಫೈಲ್ ಹೆಸರು ಕೊಟ್ಟರೆ ಇಡೀ ಫೋಲ್ಡರ್ ಬರುತ್ತದೆ. ಐಎಆರ್ ಎಂದರೆ ಜಿಜಿಪ್ ಮಾಡಿದ ಟಾರ್ ಫೈಲ್, ಸೆವೆನ್‌ಜಿಪ್‌ನಲ್ಲಿ ಬಿಚ್ಚಿ. ಅಸೆಟ್ಸ್ ಫೋಲ್ಡರ್‌ನಲ್ಲಿ ಜೆಪಿ2 ಫೈಲ್‌ಗಳಿರುತ್ತವೆ. ಅವಕ್ಕೆ ಹೆಸರಿನ ಬದಲು ಯುಯುಐಡಿ (ಪ್ರತಿಯೊಂದಕ್ಕೂ ಬೇರೆಯಾದ ಉದ್ದದ ಗುರುತು ಸಂಖ್ಯೆ) ಇರುತ್ತದೆ. ಯಾವುದು ಯಾವುದೆಂದು ತಿಳಿಯಲು ಇನ್ವೆಂಟರಿ ಫೋಲ್ಡರ್‌ನ ಎಕ್ಸ್‌ಎಂಎಲ್‌ನಲ್ಲಿ ಅದೇ ಯುಯುಐಡಿ ಹುಡುಕಿ. ಪಿಎನ್‌ಜಿ ಮಾಡಲು ಓಪನ್‌ಜೆಪೆಗ್‌ನ ಡೀಕಂಪ್ರೆಸ್ ಸಾಧನ ಸಾಕು. ಎಕ್ಸ್‌ಟೆನ್ಶನ್ ತಪ್ಪಿದೆ ಎಂದು ಅದು ಗೊಣಗಿದರೆ ಜೆ2ಕೆ ಎಂದು ಬದಲಿಸಿ. ಒಳಗಿರುವುದು ಬರೀ ಕೋಡ್‌ಸ್ಟ್ರೀಮ್ (ಚಿತ್ರದ ಸಂಕುಚಿತ ದತ್ತಾಂಶ), ಜೆಪಿ2 ಹೊದಿಕೆ ಇರುವುದಿಲ್ಲ.